ಮೌನಕ್ಕೆ ಕಿವಿಗೊಡುವ ಸ್ವಿಚ್

ನೂರು ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಪೂರ್ಣ ಬಲದಲ್ಲಿ ಓಡುವಾಗ ಸುಮಾರು 75,000 ವ್ಯಾಟ್ ಶಕ್ತಿ ಹೊರಹಾಕುತ್ತದೆ. ಅದು ಓಡುತ್ತಲೇ ಇರಬೇಕೋ ಈ ಕ್ಷಣವೇ ನಿಲ್ಲಬೇಕೋ ಎಂದು ಹೇಳುವ ಅಧಿಕಾರ ಮಾತ್ರ ಚಾಲಕನ ಮಣಿಕಟ್ಟಿನಲ್ಲೋ ಕೊರಳಲ್ಲೋ ಇರುವ ಪುಟ್ಟ ಬಿಲ್ಲೆಯದು. ಅಂಥ ಬಿಲ್ಲೆ ಗಾಳಿಗೆ ಬಿಡುವ ರೇಡಿಯೊ ಶಕ್ತಿ ಒಂದು ವ್ಯಾಟಿನ ಸಾವಿರದಲ್ಲೊಂದು ಪಾಲು ಎಂದುಕೊಳ್ಳಿ. ಎರಡು ಮೀಟರ್ ಆಚೆ ಸ್ಟಿಯರಿಂಗ್ ಪಕ್ಕದ ಗ್ರಾಹಕ ಡಬ್ಬಿಯನ್ನು ಮುಟ್ಟುವ ಹೊತ್ತಿಗೆ ಅದೂ 40,000 ಪಟ್ಟು ತೆಳುವಾಗಿ, ಒಂದು ವ್ಯಾಟಿನ 4 ಕೋಟಿಯಲ್ಲೊಂದು ಪಾಲಿಗೆ ಇಳಿದಿರುತ್ತದೆ. ಎಂಜಿನ್ನಿನ ಬಲಕ್ಕೂ ಅದನ್ನು ಆಳುವ ಪಿಸುದನಿಗೂ ನಡುವೆ 3 ಲಕ್ಷ ಕೋಟಿ ಪಟ್ಟು ಅಂತರ. ಆ ಪಿಸುದನಿ ಕೇಳಿಸುತ್ತಿರುವಷ್ಟು ಹೊತ್ತು ಎಂಜಿನ್ ಓಡುತ್ತದೆ. ಕೇಳಿಸದಿದ್ದರೆ ಆರಿಹೋಗುತ್ತದೆ.

ಸಣ್ಣ ದೋಣಿಗಳ ವೈರ್‌ಲೆಸ್ ಕಿಲ್ ಸ್ವಿಚ್ ಎಂದರೆ ಇಷ್ಟೇ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಬೇಕು. ಇದಕ್ಕಿಂತ ಹಳೆಯದು ಹಗ್ಗದ ಸ್ವಿಚ್. ಸುರುಳಿ ಸುತ್ತಿದ ಕೆಂಪು ಹಗ್ಗದ ಒಂದು ತುದಿ ಚಾಲಕನ ತೊಡೆಗೋ ಲೈಫ್ ಜಾಕೆಟ್ಟಿಗೋ, ಇನ್ನೊಂದು ತುದಿಯ ಕ್ಲಿಪ್ಪು ಎಂಜಿನ್ನಿನ ಸ್ವಿಚ್ಚಿಗೆ. ಮನುಷ್ಯ ಬಿದ್ದರೆ ಹಗ್ಗ ಎಳೆಯುತ್ತದೆ, ಕ್ಲಿಪ್ಪು ಕಿತ್ತು ಬರುತ್ತದೆ, ಎಂಜಿನ್ ಸಾಯುತ್ತದೆ. ಬ್ಯಾಟರಿ ಬೇಡ, ರೇಡಿಯೊ ಬೇಡ. ಇಷ್ಟು ಸರಳವಾದ ಹಗ್ಗದ ಜಾಗಕ್ಕೆ ಅಷ್ಟು ತೆಳುವಾದ ಪಿಸುದನಿಯನ್ನು ತಂದು ಕೂರಿಸಿ ಜೀವವನ್ನು ಅದರ ಕೈಗೆ ಕೊಡಬಹುದೇ? ಕೊಡಬಹುದು ಎಂದೇ ನನ್ನ ಅಭಿಪ್ರಾಯ. ಆದರೆ ಯಾಕೆ ಎಂಬುದನ್ನು ಅಂಕಿಗಳ ಬಾಯಿಂದಲೇ ಕೇಳಬೇಕು.

ಮೊದಲು ಆ ಎಂಜಿನ್ನಿನ ತುದಿಯಲ್ಲಿ ತಿರುಗುವ ಪ್ರೊಪೆಲ್ಲರ್ ನೋಡಿ. ನಮ್ಮ ಕರಾವಳಿಯ ಮೀನುಗಾರರು ಇದನ್ನು ಫ್ಯಾನ್ ಎನ್ನುತ್ತಾರೆ. ಅಮೆರಿಕದ ಕೋಸ್ಟ್ ಗಾರ್ಡ್ ತನ್ನ ತಿಳಿವಳಿಕೆ ಪತ್ರದಲ್ಲಿ ಕೊಡುವ ಲೆಕ್ಕ ಹೀಗಿದೆ: ಮೂರು ಅಲಗಿನ ಸಾಮಾನ್ಯ ಪ್ರೊಪೆಲ್ಲರ್ ನಿಮಿಷಕ್ಕೆ 3,200 ಸುತ್ತು ತಿರುಗುವಾಗ ಒಂದೇ ಸೆಕೆಂಡಿನಲ್ಲಿ 160 ಏಟು ಹಾಕಬಲ್ಲದು. ಮನುಷ್ಯನ ತಲೆಯಿಂದ ಕಾಲಿನವರೆಗೆ ಸಾಗಿಹೋಗಲು ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. 13 ಅಂಗುಲ ವ್ಯಾಸದ ಪ್ರೊಪೆಲ್ಲರ್ ಆದರೆ, ಅದೇ ಸುತ್ತಿನಲ್ಲಿ ಅಲಗಿನ ತುದಿ ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ನೀರನ್ನು ಸೀಳುತ್ತಿರುತ್ತದೆ. ಅಂಗಡಿಯಲ್ಲಿ ತೂಗುಹಾಕಿದ ಪ್ರೊಪೆಲ್ಲರ್ ಮುಟ್ಟಿ ನೋಡಿದವರಿಗೆ ಅದರ ಅಂಚು ಅಷ್ಟೇನೂ ಹರಿತವಲ್ಲ ಅನ್ನಿಸಬಹುದು. ಆ ವೇಗದಲ್ಲಿ ಹರಿತ ಬೇಕಾಗಿಯೇ ಇಲ್ಲ.

ಇನ್ನು ದೋಣಿಯ ನಡತೆ. ಚಾಲಕನಿಲ್ಲದ ದೋಣಿ ನೆಟ್ಟಗೆ ಹೋಗಿ ಮರೆಯಾಗುವುದು ಕಡಿಮೆ. ಹಿಡಿದ ಕೈ ಬಿಟ್ಟೊಡನೆ ಪ್ರೊಪೆಲ್ಲರಿನ ತಿರುಚುಬಲವೇ ಔಟ್‌ಬೋರ್ಡನ್ನು ಒಂದು ಪಕ್ಕಕ್ಕೆ ತಿರುಗಿಸುತ್ತದೆ, ದೋಣಿ ವೃತ್ತ ಹೊಡೆಯತೊಡಗುತ್ತದೆ. ಆ ವೃತ್ತದ ತ್ರಿಜ್ಯ 15 ಮೀಟರ್, ವೇಗ ಸೆಕೆಂಡಿಗೆ 10 ಮೀಟರ್ ಎಂದು ಹಿಡಿದರೆ ಒಂದು ಸುತ್ತಿಗೆ ಒಂಬತ್ತೂವರೆ ಸೆಕೆಂಡು ಸಾಕು. ಬಿದ್ದವನು ತೇಲುತ್ತಿರುವ ಜಾಗದ ಆಸುಪಾಸಿಗೆ ಅದೇ ದೋಣಿ ನಿಮಿಷಕ್ಕೆ ಆರು ಸಲ ಮರಳಿ ಬರುತ್ತದೆ. ಕಡಲಿನ ಅಲೆ, ಗಾಳಿ ಅದನ್ನು ತುಸು ಅತ್ತಿತ್ತ ತಳ್ಳುವುದರಿಂದ ಪ್ರತಿ ಸುತ್ತೂ ಬೇರೆ ಬೇರೆ ಜಾಗದಲ್ಲಿ ಹಾಯುತ್ತದೆ. ಹಾಗಾಗಿ ಈಜಿ ತಪ್ಪಿಸಿಕೊಳ್ಳುವ ದಿಕ್ಕು ಯಾವುದೆಂದೇ ತಿಳಿಯದು.

2013ರ ಮೇ 5ರಂದು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಪ್ಯಾಡ್‌ಸ್ಟೋ ಊರಿನ ಬಳಿ, ಕ್ಯಾಮೆಲ್ ಅಳಿವೆಯಲ್ಲಿ ಆದದ್ದು ಇದೇ. 'ಮಿಲ್ಲಿ' ಹೆಸರಿನ ಎಂಟು ಮೀಟರ್ ಉದ್ದದ ರಬ್ಬರ್ ಅಂಚಿನ ದೋಣಿಯಲ್ಲಿ ಒಂದೇ ಕುಟುಂಬದ ಆರು ಮಂದಿ, ಅಪ್ಪ ಅಮ್ಮ ಮತ್ತು ನಾಲ್ವರು ಮಕ್ಕಳು. ಬಿರುಸಾದ ಒಂದು ತಿರುವಿನಲ್ಲಿ ಆರೂ ಜನ ನೀರಿಗೆ ಎಸೆಯಲ್ಪಟ್ಟರು. ದೋಣಿ ಮಾತ್ರ ನಿಲ್ಲದೆ ಸುತ್ತು ಹೊಡೆಯುತ್ತ ಅವರ ಮೇಲೆಯೇ ಮರಳಿ ಹಾಯಿತು. ತಂದೆಯೂ ಎಂಟು ವರ್ಷದ ಮಗಳೂ ತೀರಿಕೊಂಡರು. ಉಳಿದವರಲ್ಲಿ ಕೆಲವರಿಗೆ ಬದುಕಿನುದ್ದಕ್ಕೂ ಉಳಿಯುವ ಗಾಯ. ಹತ್ತಿರದಲ್ಲಿದ್ದವರು ಇನ್ನೊಂದು ದೋಣಿಯಲ್ಲಿ ಬೆನ್ನಟ್ಟಿ, ಓಡುತ್ತಿದ್ದ ದೋಣಿಗೆ ಹಾರಿ ಎಂಜಿನ್ ಆರಿಸಬೇಕಾಯಿತು. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ ಎಂಎಐಬಿ ಕಂಡುಕೊಂಡ ಸಂಗತಿ ಒಂದೇ ಸಾಲಿನದು: ದೋಣಿಯಲ್ಲಿ ಕೆಂಪು ಹಗ್ಗ ಇತ್ತು, ಚಾಲಕರ ಮೈಗೆ ಅದನ್ನು ಸಿಕ್ಕಿಸಿರಲಿಲ್ಲ.

ಹಗ್ಗ ಕೆಡಲಿಲ್ಲ, ಸ್ವಿಚ್ ಕೆಡಲಿಲ್ಲ. ವಿಶ್ವಾಸಾರ್ಹತೆಯ ಮಾತು ಬಂದಾಗ ನಾವು ಯಂತ್ರದ ಕಡೆಗಷ್ಟೇ ನೋಡುತ್ತೇವೆ. ಕಟ್ಟಿಕೊಳ್ಳದ ಹಗ್ಗದ ವಿಶ್ವಾಸಾರ್ಹತೆ ಸೊನ್ನೆ. ಆದರೆ ಕಟ್ಟಿಕೊಳ್ಳದವರನ್ನು ಬೈದು ಫಲವಿಲ್ಲ. ಲಂಗರು ಎಳೆಯಬೇಕು, ಮಗುವಿನ ಜಾಕೆಟ್ ಸರಿಮಾಡಬೇಕು, ಹಿಂದಕ್ಕೆ ಹೋಗಿ ಬರಬೇಕು. ಒಂದೂವರೆ ಮೀಟರಿನ ಹಗ್ಗ ಪ್ರತಿ ಸಲವೂ ಬಿಚ್ಚು, ಮತ್ತೆ ಕಟ್ಟು ಎನ್ನುತ್ತದೆ. ನಮ್ಮ 320 ಕಿಲೋಮೀಟರ್ ಕರಾವಳಿಯಲ್ಲಿ ಔಟ್‌ಬೋರ್ಡ್ ಹಚ್ಚಿಕೊಂಡು ಹೊರಡುವ ನಾಡದೋಣಿಯವರನ್ನು ನೆನೆಯಿರಿ. ಒಂದು ಕೈ ಎಂಜಿನ್ನಿನ ಹಿಡಿಯ ಮೇಲೆ, ಇನ್ನೊಂದು ಬಲೆಯ ಮೇಲೆ. ಅವರ ಕಾಲಿಗೆ ಹಗ್ಗ ಎಷ್ಟು ಹೊತ್ತು ನಿಂತೀತು?

ಅಮೆರಿಕ ಕಾನೂನು ಮಾಡಿತು. 26 ಅಡಿಗಿಂತ ಚಿಕ್ಕದಾದ, 3 ಅಶ್ವಶಕ್ತಿ ಅಥವಾ ಅದಕ್ಕಿಂತ ಹೆಚ್ಚಿನ ಎಂಜಿನ್ನುಳ್ಳ ದೋಣಿಗಳಲ್ಲಿ, ಚಾಲಕ ಮುಚ್ಚಿದ ಕೋಣೆಯೊಳಗೆ ಕೂತಿರದಿದ್ದರೆ, ವೇಗದಲ್ಲಿ ಸಾಗುವಾಗ ಕಿಲ್ ಸ್ವಿಚ್ ಬಳಸುವುದು 2021ರ ಏಪ್ರಿಲ್ 1ರಿಂದ ಕಡ್ಡಾಯ. ತಪ್ಪಿದರೆ ಮೊದಲ ಸಲ 100 ಡಾಲರ್, ಎರಡನೇ ಸಲ 250, ಮೂರನೇ ಸಲ 500 ಡಾಲರ್‌ವರೆಗೆ ದಂಡ. ಅಲ್ಲಿ ನೋಂದಣಿಯಾದ ವಿಹಾರ ದೋಣಿಗಳ ಸಂಖ್ಯೆ ಒಂದು ಕೋಟಿ ಹತ್ತು ಲಕ್ಷಕ್ಕೂ ಮೇಲು. 2023ರಲ್ಲಿ ವಿಹಾರ ದೋಣಿ ಅವಘಡಗಳಲ್ಲಿ ಸತ್ತವರು 564 ಮಂದಿ. ಹಗ್ಗವೇ ಆಗಬೇಕೆಂದು ಕಾನೂನು ಹಟ ಹಿಡಿಯಲಿಲ್ಲ, ವೈರ್‌ಲೆಸ್ ಆದರೂ ಸರಿ ಎಂದಿತು. ನಾರ್ವೆಯ ಫೆಲ್ ಮರೀನ್, ಅಮೆರಿಕದ ಮರ್ಕ್ಯುರಿಯಂಥ ಹೆಸರುಗಳು ಈ ಪೇಟೆಯಲ್ಲಿ ಬಲಗೊಂಡದ್ದು ಈ ಹಿನ್ನೆಲೆಯಲ್ಲೇ.

ಇಲ್ಲಿಂದ ಮುಂದಿನದು ಭೌತಶಾಸ್ತ್ರದ ಕತೆ. ನನಗೆ ಈ ಸ್ವಿಚ್ ಬೆರಗು ಹುಟ್ಟಿಸಿದ್ದು ಇಲ್ಲಿ.

ಇಂಥ ಬಿಲ್ಲೆಗಳು ಸಾಮಾನ್ಯವಾಗಿ ಮಾತಾಡುವುದು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಸೆಕೆಂಡಿಗೆ 240 ಕೋಟಿ ಕಂಪನ, ಅಲೆಯುದ್ದ ಹನ್ನೆರಡೂವರೆ ಸೆಂಟಿಮೀಟರ್. ಅಡುಗೆಮನೆಯ ಮೈಕ್ರೋವೇವ್ ಓವನ್ ಕೂಡ ಇದೇ ನೆರೆಹೊರೆಯದು. ನಿನ್ನೆಯ ಸಾರನ್ನು ಅದು ಬಿಸಿಮಾಡಬಲ್ಲದು, ಏಕೆಂದರೆ ಈ ಕಂಪನದ ಶಕ್ತಿಯನ್ನು ನೀರು ಆಸೆಯಿಂದ ಹೀರುತ್ತದೆ. ಓವನ್ನಿಗೆ ವರವಾದದ್ದು ರೇಡಿಯೊ ಸಂಪರ್ಕಕ್ಕೆ ಶಾಪ. ಕಿಲ್ ಸ್ವಿಚ್ ಮಾಡಿದವರು ಆ ಶಾಪವನ್ನೇ ಕೆಲಸಕ್ಕೆ ಹಚ್ಚಿದ್ದಾರೆ.

ಗಾಳಿಯಲ್ಲಿ ಹತ್ತು ಮೀಟರ್ ಸಾಗಿದಾಗ ಬಿಲ್ಲೆಯ ಸದ್ದು ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯುತ್ತದೆ. ದೊಡ್ಡ ನಷ್ಟವೇ. ಆದರೂ ಇವತ್ತಿನ ಸಾಮಾನ್ಯ ಅಗ್ಗದ ಗ್ರಾಹಕ ಚಿಪ್ಪು, ಹೊರಟ ಸದ್ದಿನ 300 ಕೋಟಿಯಲ್ಲೊಂದು ಪಾಲು ಬಂದು ತಲುಪಿದರೂ ಅಕ್ಷರ ಬಿಡದೆ ಓದಬಲ್ಲದು. ಅಂದರೆ ಹತ್ತು ಮೀಟರ್ ಗಾಳಿ ದಾಟಿದ ಮೇಲೂ 3,000 ಪಟ್ಟು ಮಿಗುತಾಯ ಕೈಯಲ್ಲಿದೆ. ಈಗ ಬಿಲ್ಲೆಯನ್ನು ಕಡಲ ನೀರಿಗೆ ಮುಳುಗಿಸಿ. ಉಪ್ಪುನೀರಿನಲ್ಲಿ ಪ್ರತಿ ಒಂದು ಸೆಂಟಿಮೀಟರಿಗೂ ಈ ಸದ್ದು ಸುಮಾರು ಹತ್ತನೇ ಒಂದಕ್ಕೆ ಕುಸಿಯುತ್ತದೆ. ಎರಡು ಸೆಂಟಿಮೀಟರಿಗೆ ನೂರರಲ್ಲೊಂದು, ಮೂರಕ್ಕೆ ಸಾವಿರದಲ್ಲೊಂದು. ಮೂರೂವರೆ ಸೆಂಟಿಮೀಟರ್ ಮುಳುಗುವಷ್ಟರಲ್ಲಿ ಆ ಮಿಗುತಾಯವೆಲ್ಲ ಖಾಲಿ. ಹತ್ತು ಸೆಂಟಿಮೀಟರ್ ಆಳಕ್ಕೆ ಹೋದರೆ ಉಳಿಯುವುದು ಸಾವಿರ ಕೋಟಿಯಲ್ಲೊಂದು ಪಾಲು. ಹತ್ತು ಮೀಟರ್ ಗಾಳಿ ಮಾಡುವ ಹಾನಿಯನ್ನು ಆರು ಸೆಂಟಿಮೀಟರ್ ಕಡಲು ಮಾಡಿ ಮುಗಿಸುತ್ತದೆ. ನೀರಿನ ಮೇಲ್ಮೈಯಲ್ಲಿ ಪ್ರತಿಫಲಿಸಿ ಹಿಂದಿರುಗುವ ನಷ್ಟ ಇದರ ಮೇಲೆ.

ಹೀಗಾಗಿ ನೀರಿಗೆ ಬಿದ್ದ ಬಿಲ್ಲೆ 'ಕಾಪಾಡಿ' ಎಂದು ಕೂಗಬೇಕಾಗಿಲ್ಲ. ಕೂಗಬೇಕಾಗಿದ್ದರೆ ಈ ಸಾಧನವನ್ನು ನಂಬಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅದರ ಕೂಗು ಯಾರಿಗೂ ಕೇಳಿಸದು. ಅದು ಮಾಡಬೇಕಾದ್ದು ಒಂದೇ: ಬದುಕಿರುವಷ್ಟು ಹೊತ್ತು 'ಇದ್ದೇನೆ, ಇದ್ದೇನೆ' ಎನ್ನುತ್ತಿರುವುದು. ಉಳಿದದ್ದನ್ನು ಕಡಲೇ ಮಾಡುತ್ತದೆ. ಬ್ಯಾಟರಿ ಸತ್ತರೂ ಮೌನ, ಬಿಲ್ಲೆ ಒಡೆದರೂ ಮೌನ, ಕಳೆದುಹೋದರೂ ಮೌನ. ಬಿಲ್ಲೆಗೆ ಯಾವ ದೋಷ ಬಂದರೂ ಅದು ಎಂಜಿನ್ ನಿಲ್ಲುವ ದಿಕ್ಕಿಗೇ ಬೀಳುತ್ತದೆ. ಅಷ್ಟು ಕ್ಷೀಣವಾದ ಎಳೆಯನ್ನು ನಂಬಬಹುದು ಎಂದದ್ದು ಇದಕ್ಕೇ, ಇಲ್ಲಿ ಎಳೆ ಕಡಿಯುವುದೇ ಸಂದೇಶ.

ಹಾಗಾದರೆ ತೊಂದರೆ ಎಲ್ಲಿ? ಮನುಷ್ಯನ ಮೈಯಲ್ಲಿ. ನಮ್ಮ ತೂಕದಲ್ಲಿ ಹತ್ತಿರ ಹತ್ತಿರ ಶೇ 60 ನೀರು, ಅದೂ ಉಪ್ಪು ಬೆರೆತ ನೀರು. ಸ್ನಾಯುವಿನಲ್ಲಿ ಎರಡೂವರೆ ಸೆಂಟಿಮೀಟರ್ ಸಾಗುವಷ್ಟರಲ್ಲಿ ಈ ಸದ್ದು ಹತ್ತನೇ ಒಂದಾಗುತ್ತದೆ. ಬಿಲ್ಲೆ ಎದೆಯ ಮೇಲಿದ್ದು ಚಾಲಕ ಡಬ್ಬಿಗೆ ಬೆನ್ನು ಮಾಡಿ ನಿಂತರೆ ಸಂಕೇತ ನೂರು ಪಟ್ಟು ಕುಗ್ಗುವುದು ಅಸಾಮಾನ್ಯವೇನಲ್ಲ. ಗಾಳಿಯಲ್ಲಿ ನೂರು ಪಟ್ಟು ಕುಗ್ಗಬೇಕಾದರೆ ದೂರ ಹತ್ತು ಪಟ್ಟು ಹೆಚ್ಚಬೇಕು. ಮೂರು ಮೀಟರ್ ಆಚೆ ಬೆನ್ನು ತಿರುಗಿಸಿ ನಿಂತ ಚಾಲಕ ಆ ಡಬ್ಬಿಯ ಪಾಲಿಗೆ 30 ಮೀಟರ್ ಹಿಂದೆ ಬಿದ್ದುಹೋದವನ ಹಾಗೆ ಕಾಣುತ್ತಾನೆ. ತೊಯ್ದ ಜಾಕೆಟ್ಟಿನ ಮಡಿಕೆಯಲ್ಲಿ ಒಂದು ಸೆಂಟಿಮೀಟರ್ ಉಪ್ಪುನೀರು ನಿಂತಿದ್ದರೆ ಇನ್ನೂ ಹತ್ತು ಪಟ್ಟು ನಷ್ಟ. ಜೀವ ಉಳಿಸುವ ಗುಣವೂ ಸುಳ್ಳು ಎಚ್ಚರಿಕೆ ಹುಟ್ಟಿಸುವ ಗುಣವೂ ನೀರಿನ ಒಂದೇ ಗುಣ. ಮೈಯೊಳಗಿನ ನೀರನ್ನೂ ಮೈ ಸುತ್ತಲಿನ ನೀರನ್ನೂ ಬೇರೆ ಮಾಡಿ ಗುರುತಿಸಬೇಕಾದದ್ದು ಈ ಸಾಧನ ಕಟ್ಟುವವರ ನಿಜವಾದ ಕಷ್ಟ.

ಡಬ್ಬಿಯ ಕಿವಿಯನ್ನು ಇನ್ನಷ್ಟು ಚುರುಕು ಮಾಡಿದರಾಯಿತಲ್ಲ ಎನ್ನಬಹುದು. ಅಲ್ಲೊಂದು ಭಯಾನಕ ಲೆಕ್ಕ ಕಾದಿದೆ. ಲೈಫ್ ಜಾಕೆಟ್ ತೊಟ್ಟವನು ಮುಳುಗುವುದಿಲ್ಲ. ಅವನ ಬಿಲ್ಲೆ ನೀರಿನಿಂದ ಹತ್ತು ಸೆಂಟಿಮೀಟರ್ ಮೇಲೆ ತೇಲುತ್ತಿದೆ, ಡಬ್ಬಿ ನೀರಿನಿಂದ ಒಂದು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ನೇರ ಬರುವ ಅಲೆಯೂ ನೀರಿನ ಮೇಲೆ ಪುಟಿದು ಬರುವ ಅಲೆಯೂ ಒಂದನ್ನೊಂದು ಹೊಡೆದುಹಾಕುವುದರಿಂದ, ಮೂರು ಮೀಟರ್ ದಾಟಿದ ಮೇಲೆ ದೂರ ಎರಡರಷ್ಟಾದಂತೆಲ್ಲ ಸದ್ದು ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಅಷ್ಟಾದರೂ ಮೇಲೆ ಹೇಳಿದ ಚುರುಕು ಚಿಪ್ಪಿಗೆ ಸುಮಾರು 75 ಮೀಟರಿನವರೆಗೆ ಅದು ಕೇಳಿಸೀತು. ದೋಣಿ ಹೊಡೆಯುವ ವೃತ್ತದ ವ್ಯಾಸ ಎಷ್ಟೆಂದಿರಿ? 30 ಮೀಟರ್. ಚಾಲಕ ನೀರಿನಲ್ಲಿ, ದೋಣಿ ಅವನ ಸುತ್ತ, ಡಬ್ಬಿಗೆ 'ಇದ್ದೇನೆ' ಎಂಬ ದನಿ ಒಂದು ಕ್ಷಣವೂ ತಪ್ಪದೆ ಕೇಳುತ್ತಲೇ ಇದೆ. ಎಂಜಿನ್ ನಿಲ್ಲುವುದೇ ಇಲ್ಲ. ಅದಕ್ಕಾಗಿಯೇ ಡಬ್ಬಿಯನ್ನು ಬೇಕೆಂದೇ ಮಂದ ಕಿವಿಯದಾಗಿ ಹೊಂದಿಸಬೇಕಾಗುತ್ತದೆ. ಫೆಲ್ ಮರೀನ್ ಸಾಧನ ಸುಮಾರು 15 ಮೀಟರ್ ದೂರವಾದೊಡನೆ ಸಂಪರ್ಕ ಕಡಿದಂತೆ ಎಣಿಸುತ್ತದೆ. ತೀರಾ ಮಂದ ಮಾಡಿದರೆ ಬೆನ್ನು ತಿರುಗಿಸಿದವನೂ ಬಿದ್ದವನ ಲೆಕ್ಕಕ್ಕೆ ಸೇರುತ್ತಾನೆ. ಈ ಇಕ್ಕಟ್ಟಿನಲ್ಲಿ ಸಂಕೇತದ ಬಲವೊಂದರಿಂದಲೇ ಉತ್ತರ ಸಿಗದು. ಉಳಿದಿರುವುದು ಕಾಲ. ಬೆನ್ನು ತಿರುಗಿಸಿದವನು ಮತ್ತೆ ಇತ್ತ ತಿರುಗುತ್ತಾನೆ. ಆದ್ದರಿಂದ ಸ್ವಲ್ಪ ಕಾಯಬೇಕು. ಎಷ್ಟು?

ಬಿಲ್ಲೆ ಸೆಕೆಂಡಿಗೆ ಎರಡು ಸಲ 'ಇದ್ದೇನೆ' ಎನ್ನುತ್ತದೆ, ದಿನಕ್ಕೆ ಎಂಟು ಗಂಟೆ ದೋಣಿ ಓಡುತ್ತದೆ ಎಂದು ಲೆಕ್ಕಕ್ಕೆ ಹಿಡಿಯೋಣ. ದಿನಕ್ಕೆ 57,600 ಸಂದೇಶ. ವೈಫೈ, ಬ್ಲೂಟೂತ್‌ಗಳ ಗದ್ದಲದಲ್ಲಿ ಸಾವಿರಕ್ಕೊಂದು ಸಂದೇಶ ಕಳೆದುಹೋಗುತ್ತದೆ ಎನ್ನೋಣ. ಒಂದು ತಪ್ಪಿದೊಡನೆ ಎಂಜಿನ್ ಆರಿಸುವ ಹಾಗಿದ್ದರೆ ದಿನಕ್ಕೆ 57 ಸಲ, ಅಂದರೆ ಎಂಟು ನಿಮಿಷಕ್ಕೊಮ್ಮೆ, ದೋಣಿ ನಡುನೀರಿನಲ್ಲಿ ನಿಲ್ಲುತ್ತದೆ. ಅಂಥದ್ದನ್ನು ಯಾರೂ ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾರರು. ಬೆನ್ನುಬೆನ್ನಿಗೆ ಎರಡು ತಪ್ಪುವವರೆಗೆ ಕಾದರೆ? ಸುಳ್ಳು ನಿಲುಗಡೆ ಹದಿನೇಳು ದಿನಕ್ಕೊಂದು. ಮೂರು ತಪ್ಪುವವರೆಗೆ ಕಾದರೆ ಹದಿನೇಳು ಸಾವಿರ ದಿನಕ್ಕೊಂದು, ಒಂದು ದಿನವೂ ಬಿಡದೆ ದೋಣಿ ನಡೆಸಿದರೂ 47 ವರ್ಷಕ್ಕೊಮ್ಮೆ. ಕೇವಲ ಒಂದು ಸೆಕೆಂಡ್ ಹೆಚ್ಚಿನ ತಾಳ್ಮೆ, ಎಂಟು ನಿಮಿಷವನ್ನು ಅರ್ಧ ಶತಮಾನದ ಹತ್ತಿರಕ್ಕೆ ಒಯ್ದು ಮುಟ್ಟಿಸಿತು. ಸಂಭವನೀಯತೆಯ ಗುಣಾಕಾರಕ್ಕೆ ಇಷ್ಟು ಶಕ್ತಿ ಇದೆ ಎಂದು ಗೊತ್ತಿದ್ದೂ, ಈ ಲೆಕ್ಕವನ್ನು ಬರೆದು ಮುಗಿಸಿದಾಗ ನಾನು ಕಾಗದವನ್ನು ಮತ್ತೊಮ್ಮೆ ನೋಡಿದೆ.

ಆದರೆ ಇದೇ ಲೆಕ್ಕವನ್ನು ಒಂದು ದೋಣಿಯಿಂದ ಹತ್ತು ಲಕ್ಷ ದೋಣಿಗೆ ಹರಡಿ. ಒಂದೊಂದೂ ವರ್ಷಕ್ಕೆ 30 ದಿನ ನೀರಿಗಿಳಿದರೆ ಗಾಳಿಯಲ್ಲಿ ಹಾರುವ 'ಇದ್ದೇನೆ'ಗಳ ಸಂಖ್ಯೆ ವರ್ಷಕ್ಕೆ 1.7 ಲಕ್ಷ ಕೋಟಿ. 47 ವರ್ಷಕ್ಕೊಮ್ಮೆ ಎಂದು ನಿರಾಳವಾಗಿದ್ದ ಸುಳ್ಳು ನಿಲುಗಡೆ ಈಗ ವರ್ಷಕ್ಕೆ 1,700 ಸಲ ಯಾರದೋ ದೋಣಿಯಲ್ಲಿ ಆಗುತ್ತದೆ. ಇನ್ನೂ ಅರ್ಧ ಸೆಕೆಂಡ್ ಕಾಯಿರಿ, ನಾಲ್ಕು ತಪ್ಪಿದ ಮೇಲೆ ಆರಿಸಿ: 1,700 ಇದ್ದದ್ದು ಎರಡಕ್ಕೂ ಕಡಿಮೆ.

ಈ ಅಂದವಾದ ಲೆಕ್ಕದಲ್ಲಿ ಒಂದು ಬಿರುಕಿದೆ, ಅದನ್ನು ಮುಚ್ಚಿಡಬಾರದು. ಒಂದು ಸಂದೇಶ ತಪ್ಪಿದ್ದಕ್ಕೂ ಮುಂದಿನದು ತಪ್ಪುವುದಕ್ಕೂ ಸಂಬಂಧವಿಲ್ಲ ಎಂದು ನಂಬಿದರೆ ಮಾತ್ರ ಹೀಗೆ ಗುಣಿಸಿಕೊಂಡು ಹೋಗಬಹುದು. ನಿಜದ ದೋಣಿಯಲ್ಲಿ ಸಂಬಂಧ ಇದ್ದೇ ಇರುತ್ತದೆ. ಮೀನಿನ ಪೆಟ್ಟಿಗೆಯ ಮೇಲೆ ಬಗ್ಗಿದವನು ಮೂರು ಸೆಕೆಂಡ್ ಬಗ್ಗಿಯೇ ಇರುತ್ತಾನೆ, ಆರು ಸಂದೇಶ ಸಾಲಾಗಿ ಹೋಗುತ್ತವೆ. ಸುಳ್ಳು ನಿಲುಗಡೆಗಳು ಬರುವುದು ಸಾವಿರಕ್ಕೊಂದರ ಗುಣಾಕಾರದಿಂದಲ್ಲ, ಇಂಥ ಸಾಲು ಮೌನಗಳಿಂದ. ಇದಕ್ಕೆ ಮದ್ದು ಗಣಿತದಲ್ಲಿಲ್ಲ, ಡಬ್ಬಿಯನ್ನು ಎಲ್ಲಿ ಕೂರಿಸಿದ್ದೀರಿ ಎಂಬುದರಲ್ಲಿದೆ. ಲೋಹದ ಹಲಗೆಯ ಹಿಂದೆ, ಸೀಟಿನ ಕೆಳಗೆ ಕೂರಿಸಿದರೆ ಅದು ದಿನವೂ ಸುಳ್ಳು ಹೇಳುತ್ತದೆ. ಎತ್ತರದಲ್ಲಿ, ಚಾಲಕನ ಕಣ್ಣಿಗೆ ಕಾಣುವಂತೆ ಕೂರಿಸಿದರೆ ಅದೇ ಡಬ್ಬಿ ವಿಶ್ವಾಸದ್ದಾಗುತ್ತದೆ. ಬಿಲ್ಲೆಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕುವುದಕ್ಕೂ ಮಣಿಕಟ್ಟಿಗೆ ಕಟ್ಟುವುದಕ್ಕೂ ಹತ್ತಾರು ಪಟ್ಟು ವ್ಯತ್ಯಾಸ ಬರಬಹುದು.

ಹೆಚ್ಚು ಬಾರಿ ಮಾತಾಡಿಸಿದರೆ ಬೇಗ ತಿಳಿಯುವುದಿಲ್ಲವೇ? ತಿಳಿಯುತ್ತದೆ, ಬ್ಯಾಟರಿ ಒಪ್ಪಬೇಕಷ್ಟೆ. ಕೈಗಡಿಯಾರ, ರಿಮೋಟ್‌ಗಳಲ್ಲಿ ಹಾಕುವ ಸಿಆರ್2032 ಬಿಲ್ಲೆ ಬ್ಯಾಟರಿಯ ತೂಕ ಸುಮಾರು ಮೂರು ಗ್ರಾಂ. ಒಂದೊಂದು ಸಂದೇಶಕ್ಕೆ 10 ಮಿಲಿ ಆಂಪಿಯರ್ ವಿದ್ಯುತ್ತು ಎರಡು ಮಿಲಿಸೆಕೆಂಡ್ ಹರಿದರೆ, ಅಷ್ಟರಿಂದ ಸುಮಾರು ನಾಲ್ಕು ಕೋಟಿ ಸಂದೇಶ ಹೊರಡಿಸಬಹುದು! ಸೆಕೆಂಡಿಗೆ ಎರಡರಂತೆ ದಿನಕ್ಕೆ ಎಂಟು ಗಂಟೆ ನಡೆಸಿದರೆ ಎರಡು ವರ್ಷದ ಹತ್ತಿರ ಬರುತ್ತದೆ. ಸೆಕೆಂಡಿಗೆ ಇಪ್ಪತ್ತು ಮಾಡಿ, ಎರಡು ತಿಂಗಳಲ್ಲಿ ಮುಗಿಯಿತು. ಬ್ಯಾಟರಿ ಬದಲಿಸಲು ಮರೆಯುವ ಮನುಷ್ಯ ಈ ಲೆಕ್ಕದ ಆಚೆಗೆ ನಿಂತಿದ್ದಾನೆ.

ಸರಿ, ಒಂದೂವರೆ ಎರಡು ಸೆಕೆಂಡ್ ಕಾಯುವುದರಿಂದ ಬಿದ್ದವನಿಗೆ ಏನಾಗುತ್ತದೆ? 30 ನಾಟ್ ವೇಗವೆಂದರೆ ಸೆಕೆಂಡಿಗೆ 15 ಮೀಟರ್. ಚಾಲಕನ ಆಸನದಿಂದ ಪ್ರೊಪೆಲ್ಲರಿಗೆ ಮೂರು ಮೀಟರ್ ಇದ್ದರೆ, ಪಕ್ಕಕ್ಕೆ ಬಿದ್ದವನನ್ನು ಅದು ದಾಟಿಹೋಗಲು ಸೆಕೆಂಡಿನ ಐದನೇ ಒಂದು ಭಾಗ ಸಾಕು. ಅಷ್ಟರಲ್ಲಿ ಯಾವ ವೈರ್‌ಲೆಸ್ ಸ್ವಿಚ್ಚೂ ನಿರ್ಧಾರಕ್ಕೆ ಬರುವುದಿಲ್ಲ. ಹಗ್ಗ ತಕ್ಷಣ ಕಿತ್ತು ಬಂದರೂ ತಿರುಗುತ್ತಿರುವ ಲೋಹ ಆ ಹೊತ್ತಿಗೆ ಪೂರ್ತಿ ನಿಂತಿರುವುದಿಲ್ಲ, ವೇಗ ಇಳಿದಿರಬಹುದು. ಮೊದಲ ಹಾಯುವಿಕೆಯಲ್ಲಿ ಹಗ್ಗಕ್ಕೆ ಈ ಒಂದು ಮೇಲುಗೈ ಇದೆ, ಅದನ್ನು ಒಪ್ಪಬೇಕು. ಆದರೆ ಪ್ಯಾಡ್‌ಸ್ಟೋದಲ್ಲಿ ಕೊಂದದ್ದು ಮರಳಿ ಬಂದ ದೋಣಿ. ಹಾಗೆ ಮರಳಿ ಬರುವುದಕ್ಕೆ, ಮೇಲಿನ ವೃತ್ತದ ಲೆಕ್ಕದಲ್ಲಿ, ಒಂಬತ್ತೂವರೆ ಸೆಕೆಂಡಿನ ಗಡುವಿದೆ. ಆ ಗಡುವಿನೊಳಗೆ ಎರಡು ಸೆಕೆಂಡಿನ ವಿಳಂಬ ಧಾರಾಳವಾಗಿ ಹಿಡಿಯುತ್ತದೆ. ಒಬ್ಬನೇ ಹೊರಟವನ ದೋಣಿ ಸುತ್ತದೆ ನೆಟ್ಟಗೆ ಹೋದರೂ ಅಷ್ಟೆ. ಎರಡು ಸೆಕೆಂಡಿನಲ್ಲಿ ಎಂಜಿನ್ ಆರಿದರೆ ದೋಣಿ ಹತ್ತಾರು ಮೀಟರ್ ದೂರದಲ್ಲಷ್ಟೇ ತೇಲುತ್ತಿರುತ್ತದೆ. ಆರದಿದ್ದರೆ ಒಂದು ನಿಮಿಷಕ್ಕೆ 900 ಮೀಟರ್. ಬಟ್ಟೆ ತೊಟ್ಟು ಸೆಕೆಂಡಿಗೆ ಅರ್ಧ ಮೀಟರಿನಂತೆ ಈಜುವವನಿಗೆ ಅದು ಅರ್ಧ ಗಂಟೆಯ ದಾರಿ, ದೋಣಿ ಅಲ್ಲೇ ಕಾದಿದ್ದರೆ.

ರೇಡಿಯೊ ಕತೆ ಇಷ್ಟು. ಅದು ಮುಗಿಯುವ ಕಡೆ ಒಂದು ಸಾಧಾರಣ ವೈರ್ ಇದೆ. ಕಾರ್ಬ್ಯುರೇಟರ್ ಕಾಲದ ಬಹುಪಾಲು ಪೆಟ್ರೋಲ್ ಔಟ್‌ಬೋರ್ಡ್‌ಗಳಲ್ಲಿ ಎಂಜಿನ್ ಆರಿಸುವುದೆಂದರೆ ಕಿಡಿ ಹುಟ್ಟಿಸುವ ಸರ್ಕ್ಯೂಟಿನ ವೈರನ್ನು ಗ್ರೌಂಡಿಗೆ ಮುಟ್ಟಿಸುವುದು. ಮುಟ್ಟಿದರೆ ಸಾವು, ಬಿಟ್ಟರೆ ಓಟ. ಉಪ್ಪುಗಾಳಿಗೆ ಆ ವೈರ್ ತುಕ್ಕು ಹಿಡಿದು ತುಂಡಾಗಿದ್ದರೆ ಏನಾಗುತ್ತದೆ? ಎಂಜಿನ್ ಸೊಗಸಾಗಿ ಓಡುತ್ತದೆ, ಯಾವ ದೀಪವೂ ಹತ್ತುವುದಿಲ್ಲ, ಆರಿಸಬೇಕಾದ ದಿನ ಮಾತ್ರ ಆರುವುದಿಲ್ಲ. ಬಿಲ್ಲೆಯ ಕಡೆಯಲ್ಲಿ ಎಲ್ಲ ದೋಷವೂ ನಿಲ್ಲುವ ದಿಕ್ಕಿಗೆ ಬಿದ್ದರೆ, ಎಂಜಿನ್ನಿನ ಕಡೆಯಲ್ಲಿ ಇದೊಂದು ದೋಷ ಓಡುವ ದಿಕ್ಕಿಗೆ ಬೀಳುತ್ತದೆ. ಹಗ್ಗದ ಸ್ವಿಚ್ಚೂ ವೈರ್‌ಲೆಸ್ ಡಬ್ಬಿಯೂ ಎರಡನ್ನೂ ಹಾಕಿಸಿಕೊಂಡವರು ನೂರರಲ್ಲೊಂದು ಸಲ ಕೈಕೊಡುವ ಎರಡು ಸೇರಿ ಹತ್ತು ಸಾವಿರದಲ್ಲೊಂದು ಎಂದು ನೆಮ್ಮದಿಪಡುತ್ತಾರೆ. ಎರಡೂ ಹೋಗಿ ಸೇರುವುದು ಆ ಒಂದೇ ವೈರಿಗೆ. ಅದು ಐನೂರರಲ್ಲೊಂದು ಸಲ ಕೈಕೊಡುವುದಾದರೆ ಇಡೀ ವ್ಯವಸ್ಥೆ ಅದಕ್ಕಿಂತ ಉತ್ತಮವಾಗಲು ಸಾಧ್ಯವೇ ಇಲ್ಲ.

ಹಗ್ಗವೋ ವೈರ್‌ಲೆಸ್ಸೋ ಎಂಬ ವಾದಕ್ಕೆ ನಾನು ಹಾಕುವ ಗುಣಾಕಾರ ಬೇರೆ. ಹಗ್ಗ ಸಾವಿರಕ್ಕೆ 999 ಸಲ ಕೆಲಸ ಮಾಡುತ್ತದೆ ಎನ್ನಿ, ಆದರೆ ನಾಲ್ಕು ಪಯಣದಲ್ಲಿ ಒಂದರಲ್ಲಷ್ಟೇ ಕಟ್ಟಿಕೊಂಡರೆ ಸಿಗುವ ರಕ್ಷಣೆ ಶೇ 25. ವೈರ್‌ಲೆಸ್ ನೂರಕ್ಕೆ 97 ಸಲವೇ ಕೆಲಸ ಮಾಡಲಿ, ಮರೆಯದೆ ಹತ್ತರಲ್ಲಿ ಒಂಬತ್ತು ಸಲ ತೊಟ್ಟರೆ ಶೇ 87. ಇವು ಸಮೀಕ್ಷೆಯ ಅಂಕಿಗಳಲ್ಲ, ಮನುಷ್ಯನ ಅಭ್ಯಾಸ ಯಂತ್ರದ ಗುಣಮಟ್ಟವನ್ನು ಎಷ್ಟು ಸುಲಭವಾಗಿ ಮೀರಿಸುತ್ತದೆ ಎಂದು ತೋರಿಸುವ ಊಹೆಯ ಅಂಕಿಗಳು. ಸುಳ್ಳು ನಿಲುಗಡೆಯನ್ನು ನಾನು ಸಣ್ಣ ಕಿರಿಕಿರಿ ಎನ್ನದಿರುವುದೂ ಇದಕ್ಕೇ. ಓಡುವ ದೋಣಿ ದಿಢೀರನೆ ನಿಂತರೆ ಉಳಿದವರು ಮುಗ್ಗರಿಸುತ್ತಾರೆ, ಅಳಿವೆಯ ಬಾಯಲ್ಲಿ ಅಲೆಗಳ ನಡುವೆ ನಿಂತರೆ ದೋಣಿಯೇ ಮಗುಚಬಹುದು. ಅದಕ್ಕಿಂತ ದೊಡ್ಡ ಹಾನಿ ಮರುದಿನ ಆಗುತ್ತದೆ: ಮಾಲೀಕ ಬಿಲ್ಲೆಯನ್ನು ಮಣಿಕಟ್ಟಿನಿಂದ ತೆಗೆದು ಸ್ಟಿಯರಿಂಗ್ ಪಕ್ಕದ ಗೂಡಿನಲ್ಲಿಡುತ್ತಾನೆ. ಆ ದಿನದಿಂದ ಡಬ್ಬಿಗೆ 'ಇದ್ದೇನೆ' ಎಂಬುದು ಅತ್ಯಂತ ಸ್ಪಷ್ಟವಾಗಿ, ಒಂದೂ ತಪ್ಪದೆ ಕೇಳಿಸುತ್ತದೆ. ಚಾಲಕ ಇದ್ದರೂ, ಇಲ್ಲದಿದ್ದರೂ.

ಹಾಕಿಸಿಕೊಂಡವರು ಮಾಡಬೇಕಾದ ಪರೀಕ್ಷೆ ಎರಡು ನಿಮಿಷದ್ದು. ದೋಣಿಯನ್ನು ಕಟ್ಟಿಹಾಕಿ, ಎಂಜಿನ್ ನಿಧಾನಗತಿಯಲ್ಲಿ ನ್ಯೂಟ್ರಲ್‌ನಲ್ಲಿ ಓಡುತ್ತಿರುವಾಗ, ಬಿಲ್ಲೆಯನ್ನು ನೀರಿನಲ್ಲಿ ಮುಳುಗಿಸಿ ಸೆಕೆಂಡ್ ಎಣಿಸಬೇಕು. ಇದರಿಂದ ಬ್ಯಾಟರಿ, ರೇಡಿಯೊ, ಡಬ್ಬಿಯ ರಿಲೇ, ಆ ಕೊನೆಯ ವೈರ್ ನಾಲ್ಕೂ ಒಮ್ಮೆಗೇ ಪರೀಕ್ಷೆಗೆ ಬೀಳುತ್ತವೆ. ಪರೀಕ್ಷೆಯ ನೀರು ಮಾತ್ರ ದೋಣಿ ಓಡಿಸುವ ನೀರೇ ಆಗಿರಬೇಕು. ಸಿಹಿನೀರಿನಲ್ಲಿ ಸದ್ದು ಹತ್ತನೇ ಒಂದಾಗಲು ಒಂದು ಸೆಂಟಿಮೀಟರ್ ಸಾಲದು, ನಾಲ್ಕಕ್ಕೂ ಮಿಕ್ಕಿ ಬೇಕು. ಡಬ್ಬಿ ಎರಡು ಮೀಟರ್ ಹತ್ತಿರದಲ್ಲಿದ್ದರೆ, ಚಿಪ್ಪಿನ ಕಿವಿ ಪೂರ್ತಿ ಚುರುಕಾಗಿದ್ದರೆ, ಕಡಲಲ್ಲಿ ಐದು ಸೆಂಟಿಮೀಟರಿಗೆ ಮೌನವಾಗುವ ಬಿಲ್ಲೆ ಕೆರೆಯಲ್ಲೋ ಜಲಾಶಯದ ಹಿನ್ನೀರಿನಲ್ಲೋ ಇಪ್ಪತ್ತು ಸೆಂಟಿಮೀಟರ್ ಆಳದವರೆಗೂ ಕೇಳಿಸುತ್ತಿರಬಹುದು. ಕಡಲಿನಲ್ಲಿ ಗೆದ್ದ ಸಾಧನವನ್ನು ಕಾಳಿ, ಶರಾವತಿಯ ಹಿನ್ನೀರಿಗೆ ಒಯ್ಯುವವರು ಅಲ್ಲಿ ಮತ್ತೊಮ್ಮೆ ಮೊಣಕೈವರೆಗೆ ಕೈ ಮುಳುಗಿಸಿ ಎಣಿಸಬೇಕು. ಎಣಿಕೆ ತಯಾರಕರು ಹೇಳಿದ ಹೊತ್ತನ್ನು ಮೀರಿದರೆ ಅವತ್ತು ದೋಣಿ ಬಿಚ್ಚದೆ, ಮೊದಲು ಡಬ್ಬಿ ಕೂರಿಸಿದ ಜಾಗ, ಆಮೇಲೆ ಆ ವೈರ್ ನೋಡಿಸಬೇಕು.